ಎನ್‌ಐಟಿಯಲ್ಲಿ ಮೆಟಲರ್ಜಿ ಸಿಕ್ಕಿದೆ, ಸೇರಲಾ ಬೇಡವಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಸುರತ್ಕಲ್ ಎನ್‌ಐಟಿಕೆಯಲ್ಲಿ ಮೆಟಲರ್ಜಿ, ಅಂದರೆ ಲೋಹಶಾಸ್ತ್ರದ ಸೀಟು ಬಂದಿದೆ. ಬೆಂಗಳೂರಿನ ಖಾಸಗಿ ಕಾಲೇಜೊಂದರಲ್ಲಿ ಕಂಪ್ಯೂಟರ್ ಸೈನ್ಸ್ ಕೂಡ ಸಿಗುತ್ತದೆ. ಮನೆಯಲ್ಲಿ "ಕಬ್ಬಿಣ ಓದಿ ಏನು ಮಾಡ್ತೀಯ" ಅಂತಿದ್ದಾರೆ. ಯಾವುದಕ್ಕೆ ಸೇರಲಿ?

ನಾನು ಅದೇ ಸುರತ್ಕಲ್‌ನಲ್ಲಿ ಅದೇ ಬ್ರಾಂಚ್ ಓದಿದವನು. ಇಷ್ಟಪಟ್ಟು ತಗೊಂಡೆ ಅಂತ ಸುಳ್ಳು ಹೇಳಲ್ಲ. ನನ್ನ ರ‍್ಯಾಂಕಿಗೆ ಅದು ಬಂತು, ಸೇರಿದೆ. ಮೊದಲ ವರ್ಷ ಎಲ್ಲ ಬ್ರಾಂಚಿನವರಿಗೂ ಹೆಚ್ಚುಕಮ್ಮಿ ಒಂದೇ ಪಾಠ: ಗಣಿತ, ಫಿಸಿಕ್ಸ್, ಕೆಮಿಸ್ಟ್ರಿ, ಒಂದಿಷ್ಟು ಪ್ರೋಗ್ರಾಮಿಂಗ್. ಆ ವರ್ಷವಿಡೀ ನಾನು ಏನು ಓದುತ್ತಿದ್ದೇನೆ ಅಂತ ನನಗೇ ಗೊತ್ತಿರಲಿಲ್ಲ.

ಎರಡನೇ ವರ್ಷ ಹೀಟ್ ಟ್ರೀಟ್‌ಮೆಂಟ್, ಅಂದರೆ ಲೋಹವನ್ನು ಕಾಯಿಸಿ ತಣಿಸಿ ಹದ ಮಾಡುವ ಪಾಠ ಶುರುವಾದಾಗ ನಮ್ಮೂರಿನ ಕುಲುಮೆ ನೆನಪಾಯಿತು. ಕಮ್ಮಾರರು ಮಚ್ಚಿಗೆ ಹದ ಹಾಕುವುದನ್ನು ಚಿಕ್ಕಂದಿನಲ್ಲಿ ನೋಡುತ್ತಾ ನಿಲ್ಲುತ್ತಿದ್ದೆ. ಕೆಂಪಗೆ ಕಾದ ಮಚ್ಚಿನ ಬಾಯನ್ನು ಮಾತ್ರ ನೀರಿಗೆ ಅದ್ದುತ್ತಿದ್ದರು. ಮೇಲೆತ್ತಿ, ಬಾಯನ್ನು ಕಲ್ಲಿಗೆ ಉಜ್ಜಿ ಹೊಳಪು ಬರಿಸಿ, ಸುಮ್ನೆ ನೋಡುತ್ತಾ ಕೂರುತ್ತಿದ್ದರು. ಬೆನ್ನಿನ ಕಡೆ ಉಳಿದ ಕಾವು ನಿಧಾನಕ್ಕೆ ಬಾಯಿಗೆ ಇಳಿಯುತ್ತಿತ್ತು. ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, ನೀಲಿ. ಬೇಕಾದ ಬಣ್ಣ ಬಾಯಿ ಮುಟ್ಟಿದ ಕೂಡಲೇ ಇಡೀ ಮಚ್ಚು ಸುಂಯ್ ಅಂತ ನೀರಿಗೆ. ಕ್ಲಾಸಿನಲ್ಲಿ ಗೊತ್ತಾಯಿತು: ಮೊದಲ ಸಲ ಅದ್ದಿದಾಗ ಆಗುವುದು ಮಾರ್ಟೆನ್ಸೈಟ್ ಅನ್ನುವ ಉಕ್ಕಿನ ರೂಪ. ತುಂಬ ಗಟ್ಟಿ, ಆದರೆ ಹಾಗೇ ಬಿಟ್ಟರೆ ಬಾಯಿ ಸಿಡಿಯುತ್ತದೆ. ಉಳಿದ ಕಾವಿನಲ್ಲಿ ಅದನ್ನು ಸ್ವಲ್ಪ ಮೆತ್ತಗೆ ಮಾಡುವುದೇ ಟೆಂಪರಿಂಗ್. ಹುಲ್ಲಿನ ಹಳದಿ ಅಂದರೆ ಸುಮಾರು 230 ಡಿಗ್ರಿ ಸೆಲ್ಸಿಯಸ್, ನೀಲಿ ಅಂದರೆ 300ರ ಹತ್ತಿರ. ಥರ್ಮಾಮೀಟರ್ ಇಲ್ಲದೆ ಅವರು ಅಷ್ಟು ಸರಿಯಾಗಿ ಹಿಡಿಯುತ್ತಿದ್ದರು! ಪುಸ್ತಕದ ಆ ಪುಟದಲ್ಲಿ ನಾನು ತುಂಬ ಹೊತ್ತು ನಿಂತುಬಿಟ್ಟಿದ್ದೆ.

ಲ್ಯಾಬ್ ಹೇಗಿರುತ್ತೆ ಅಂತಲೂ ಹೇಳುತ್ತೇನೆ, ಏಕೆಂದರೆ ಈ ಬ್ರಾಂಚ್ ನಿಮಗೆ ಹಿಡಿಸುತ್ತೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ. ಬೆರಳ ತುದಿಯಷ್ಟು ಉಕ್ಕಿನ ತುಂಡು ಕೊಡುತ್ತಾರೆ. ಅದನ್ನು ಬೇಕಲೈಟ್ ಬಿಲ್ಲೆಯಲ್ಲಿ ಕೂರಿಸಿ ಎಮೆರಿ ಪೇಪರ್ ಮೇಲೆ ಉಜ್ಜಬೇಕು. ಮೊದಲು ಒರಟು, ಆಮೇಲೆ ನಯ, ಆಮೇಲೆ ಇನ್ನೂ ನಯ. ಪೇಪರ್ ಬದಲಿಸಿದಾಗಲೆಲ್ಲ ತುಂಡನ್ನು ಕಾಲು ಸುತ್ತು ತಿರುಗಿಸಬೇಕು, ಹಿಂದಿನ ಗೀರು ಪೂರ್ತಿ ಅಳಿಸಿತಾ ಅಂತ ಕಾಣಲಿಕ್ಕೆ. ಕೊನೆಗೆ ತಿರುಗುವ ವೆಲ್ವೆಟ್ ಬಟ್ಟೆಯ ಮೇಲೆ ಅಲ್ಯುಮಿನಾ ಪುಡಿ ಹಾಕಿ ಕನ್ನಡಿಯಂತೆ ಮಾಡುವುದು. ಆಮೇಲೆ ನೈಟಾಲ್, ಅಂದರೆ ಆಲ್ಕೋಹಾಲಿನಲ್ಲಿ ನೂರಕ್ಕೆ ಎರಡು ಪಾಲು ನೈಟ್ರಿಕ್ ಆಸಿಡ್. ಅದರಲ್ಲಿ ಕೆಲವೇ ಸೆಕೆಂಡು. ನಾನು ಮೊದಲ ಸಲ "ಇನ್ನೂ ಸ್ವಲ್ಪ ಇರಲಿ" ಅಂತ ಬಿಟ್ಟೆ, ತುಂಡು ಕಪ್ಪಗಾಯಿತು. ಮತ್ತೆ ಎಮೆರಿ ಪೇಪರ್‌ನಿಂದ ಶುರು. ಎರಡನೇ ಸಲ ಸರಿಯಾಯಿತು, ಆದರೆ ತೇವ ತಾಕದಂತೆ ಇಡುವ ಡೆಸಿಕೇಟರ್ ಡಬ್ಬಿಯಲ್ಲಿ ಇಡುವುದು ಮರೆತೆ. ಸುರತ್ಕಲ್‌ನ ಸಮುದ್ರದ ಗಾಳಿ ಗೊತ್ತಲ್ವಾ? ಮಾರನೇ ದಿನ ಕನ್ನಡಿ ತುಂಬ ತುಕ್ಕು.

ಮೂರನೇ ಸಲ ಮೈಕ್ರೋಸ್ಕೋಪಿನಲ್ಲಿ ಕಂಡಿತು. ಬಿಳಿ ಬಿಳಿ ಫೆರೈಟ್ ಕಣಗಳು, ಅಂದರೆ ಹೆಚ್ಚುಕಮ್ಮಿ ಶುದ್ಧ ಕಬ್ಬಿಣ; ನಡುವೆ ಕಪ್ಪಾಗಿ ಪರ್ಲೈಟ್, ಅಂದರೆ ಫೆರೈಟ್ ಮತ್ತು ಕಬ್ಬಿಣದ ಕಾರ್ಬೈಡ್ ಪದರ ಪದರವಾಗಿ ಕೂತದ್ದು. ಇನ್ನೂ ದೊಡ್ಡದು ಮಾಡಿ ನೋಡಿದರೆ ಆ ಕಪ್ಪಿನೊಳಗೆ ಹೆಬ್ಬೆಟ್ಟಿನ ಗುರುತಿನಂಥ ಸಣ್ಣ ಸಣ್ಣ ಗೆರೆ. ಪಕ್ಕದಲ್ಲಿದ್ದವನಿಗೆ ಬೇಜಾರು, ಅವನಿಗೆ ಅದು ಬರೀ ಗೆರೆ. ಈಗ ಅವನು ಬೆಂಗಳೂರಿನಲ್ಲಿ ಕೋಡ್ ಬರೆಯುತ್ತಾನೆ, ಆರಾಮಾಗಿದ್ದಾನೆ. ಅದೂ ತಪ್ಪಲ್ಲ.

ಕಷ್ಟ ಅಂದರೆ ಥರ್ಮೋಡೈನಾಮಿಕ್ಸ್. ಜೊತೆಗೆ ಕಬ್ಬಿಣ-ಕಾರ್ಬನ್ ನಕ್ಷೆ, ಅಂದರೆ ಎಷ್ಟು ಕಾರ್ಬನ್ ಇದ್ದರೆ ಎಷ್ಟು ಬಿಸಿಯಲ್ಲಿ ಕಬ್ಬಿಣ ಯಾವ ರೂಪದಲ್ಲಿರುತ್ತದೆ ಅಂತ ತೋರಿಸುವ ಚಿತ್ರ, ನಾಲ್ಕು ವರ್ಷವೂ ಬೆನ್ನು ಬಿಡಲ್ಲ. ಶುದ್ಧ ಕಬ್ಬಿಣ ಕರಗುವುದು 1538 ಡಿಗ್ರಿಗೆ. 4.3% ಕಾರ್ಬನ್ ಸೇರಿದರೆ 1147ಕ್ಕೇ ಕರಗುತ್ತದೆ. ಬೀಡು ಕಬ್ಬಿಣವನ್ನು ಅಚ್ಚಿಗೆ ಹೊಯ್ಯುವುದು ಸುಲಭ ಯಾಕೆ ಅಂತ ಅಲ್ಲಿ ಉತ್ತರ ಇದೆ. ನಿಮ್ಮ ಮನೆಯ ಬೀಡಿನ ದೋಸೆ ಕಾವಲಿ ಕೆಳಗೆ ಬಿದ್ದರೆ ಬಗ್ಗದೆ ಒಡೆಯುವುದೂ ಅದೇ ಕಾರ್ಬನ್‌ನಿಂದ. ಅದು ಒಳಗೆ ಗ್ರಾಫೈಟ್ ಹಾಳೆಗಳಾಗಿ ಕೂತಿರುತ್ತದೆ, ಬಿರುಕಿಗೆ ದಾರಿ ರೆಡಿ. ಅಮ್ಮನಿಗೆ ಇದನ್ನು ವಿವರಿಸಿದೆ. "ಒಡೆದಿದ್ದು ನೀನೇ ತಾನೆ" ಅಂದರು.

ಈಗ ಕೆಲಸದ ವಿಷಯ, ಮನೆಯವರು ಕೇಳುವುದು ಅದನ್ನೇ. ಕೋರ್ ಕೆಲಸ, ಅಂದರೆ ಓದಿದ ಬ್ರಾಂಚಿನದ್ದೇ ಕೆಲಸ ಇದೆ, ಆದರೆ ಜಾಸ್ತಿ ಬೆಂಗಳೂರಿನಲ್ಲಿಲ್ಲ. ಉಕ್ಕು ಅಂದರೆ ಬಳ್ಳಾರಿ ಕಡೆಯ ತೋರಣಗಲ್ಲು, ಇಲ್ಲವೇ ಜಮ್‌ಶೆಡ್‌ಪುರ, ರೂರ್ಕೆಲಾ, ಭಿಲಾಯ್. ಲೋಹ ಕರಗಿಸಿ ಅಚ್ಚಿಗೆ ಹೊಯ್ಯುವ ಫೌಂಡ್ರಿ ಅಂದರೆ ಬೆಳಗಾವಿ, ಕೊಯಮತ್ತೂರು. ಶಿಫ್ಟ್ ಇರುತ್ತದೆ, ರಾತ್ರಿ ಪಾಳಿ ಇರುತ್ತದೆ, ಬಿಸಿ ಇರುತ್ತದೆ. ಶುರುವಿನ ಸಂಬಳ ಸಾಫ್ಟ್‌ವೇರ್‌ನವರಿಗೆ ಹೋಲಿಸಿದರೆ ಸಾಮಾನ್ಯವಾಗಿ ಕಡಿಮೆ. ಸಂಶೋಧನೆ ಇಷ್ಟವಿದ್ದರೆ ಎಂ.ಟೆಕ್ ಪ್ರವೇಶಕ್ಕೆ ಬರೆಯುವ ಗೇಟ್ ಪರೀಕ್ಷೆಯಲ್ಲಿ ಮೆಟಲರ್ಜಿಗೇ ಬೇರೆ ಪೇಪರ್ ಇದೆ, ಅದು ಬರೆದು ಐಐಎಸ್‌ಸಿಗೆ ಹೋಗಬಹುದು. ಹೈದರಾಬಾದಿನ ರಕ್ಷಣಾ ಲೋಹ ಪ್ರಯೋಗಾಲಯ ಡಿಎಂಆರ್‌ಎಲ್, ಕಲ್ಪಾಕ್ಕಂನ ಅಣು ಸಂಶೋಧನಾ ಕೇಂದ್ರ ಐಜಿಕಾರ್‌ನಂಥ ಕಡೆ ನಮ್ಮವರಿಗೆ ಒಳ್ಳೆಯ ಕೆಲಸವಿದೆ. ಬ್ಯಾಟರಿ, ವಿಮಾನದ ಎಂಜಿನ್, ಕಂಪ್ಯೂಟರ್ ಚಿಪ್, ಎಲ್ಲದರ ಹಿಂದೆಯೂ ಮೆಟೀರಿಯಲ್ಸ್ ಓದಿದವರು ಬೇಕು. ಆದರೆ ಅಲ್ಲಿಗೆ ಬಿ.ಟೆಕ್ ಒಂದೇ ಸಾಲದು, ಮುಂದೆ ಓದಬೇಕಾಗುತ್ತದೆ. ಕಾಲೇಜಿನ ಕ್ಯಾಂಪಸ್‌ಗೆ ಬರುವ ಸಾಫ್ಟ್‌ವೇರ್ ಕಂಪನಿಗಳಲ್ಲಿ ಕೆಲವು ನಮ್ಮನ್ನೂ ಆಯ್ಕೆ ಪರೀಕ್ಷೆಗೆ ಕೂರಿಸುತ್ತವೆ, ಕೆಲವು ಕೂರಿಸಲ್ಲ.

ನಾನೀಗ ಮುರಿದ ಬಿಡಿಭಾಗಗಳನ್ನು ಪರೀಕ್ಷಿಸುವ ಲ್ಯಾಬಿನಲ್ಲಿದ್ದೇನೆ. ಮೊನ್ನೆ ಒಂದು ಬೋಲ್ಟ್ ಬಂತು. ಮುರಿದ ಮುಖದ ಮುಕ್ಕಾಲು ಭಾಗ ನಯ, ಮೇಲೆ ಬಿಲ್ಲಿನಂತೆ ಬಾಗಿದ ಗೆರೆ ಸಾಲು ಸಾಲು. ಇದಕ್ಕೆ ಬೀಚ್ ಮಾರ್ಕ್ ಅಂತಾರೆ. ಅಲೆ ಹಿಂದೆ ಸರಿದಾಗ ಮರಳಿನ ಮೇಲೆ ಉಳಿಯುತ್ತಲ್ಲ, ಥೇಟ್ ಹಾಗೇ. ಗೆರೆಗಳನ್ನು ಹಿಂದಕ್ಕೆ ಹಿಂಬಾಲಿಸಿದರೆ ಬಿರುಕು ಹುಟ್ಟಿದ ಜಾಗ ಸಿಗುತ್ತದೆ: ಬೋಲ್ಟಿನ ಥ್ರೆಡ್ಡಿನ ಬುಡದಲ್ಲಿ ಒಂದು ಸಣ್ಣ ಗೀರು. ಉಳಿದ ಕಾಲು ಭಾಗ ಮಾತ್ರ ಒರಟು, ಅಷ್ಟೇ ಕೊನೇ ಕ್ಷಣದಲ್ಲಿ ಮುರಿದದ್ದು. "ನಿನ್ನೆ ದಿಢೀರ್ ಮುರೀತು ಸಾರ್" ಅಂದಿದ್ದರು ಬೋಲ್ಟ್ ತಂದವರು. ಬೋಲ್ಟ್ ಎಷ್ಟೋ ದಿನದಿಂದ ಸ್ವಲ್ಪ ಸ್ವಲ್ಪವೇ ಮುರಿಯುತ್ತಿತ್ತು.

ಹಾಗಾಗಿ ನನ್ನ ಅಭಿಪ್ರಾಯ: ಇಂಥದ್ದು ಓದುವಾಗ ಕುತೂಹಲ ಬಂದರೆ ಸುರತ್ಕಲ್‌ಗೆ ಬನ್ನಿ. "ಸೇರಿ ಆಮೇಲೆ ಬ್ರಾಂಚ್ ಬದಲಿಸ್ತೀನಿ" ಅನ್ನುವ ಒಂದೇ ಲೆಕ್ಕದ ಮೇಲೆ ಮಾತ್ರ ಬರಬೇಡಿ. ಆ ಸೀಟುಗಳು ಬೆರಳೆಣಿಕೆ, ಎಲ್ಲರ ಕಣ್ಣೂ ಅದರ ಮೇಲೇ ಇರುತ್ತದೆ. ಕೋಡಿಂಗ್ ಬಿಟ್ಟು ಬೇರೇನೂ ಬೇಡ ಅನ್ನಿಸಿದರೆ ಬೆಂಗಳೂರೇ ಸರಿ, ಎನ್‌ಐಟಿ ಹೆಸರಿಗಾಗಿ ನಾಲ್ಕು ವರ್ಷ ಒದ್ದಾಡಬೇಡಿ.

ಸೀಟು ಹಂಚುವ ಜೋಸಾ ಕೌನ್ಸೆಲಿಂಗ್‌ನಲ್ಲಿ ಇನ್ನೂ ಸುತ್ತುಗಳು ಬಾಕಿ ಇದ್ದರೆ ಆತುರಪಟ್ಟು ಫ್ರೀಜ್ ಒತ್ತಬೇಡಿ, ಅಂದರೆ ಇದೇ ಸೀಟು ಸಾಕು ಅನ್ನಬೇಡಿ. ಸ್ಲೈಡ್ ಇಟ್ಟರೆ ಇದೇ ಕಾಲೇಜಿನಲ್ಲಿ ನಿಮ್ಮ ಆಯ್ಕೆ ಪಟ್ಟಿಯಲ್ಲಿ ಇದಕ್ಕಿಂತ ಮೇಲೆ ಇರುವ ಬ್ರಾಂಚ್ ಸಿಗುವ ಅವಕಾಶ ಉಳಿಯುತ್ತದೆ, ಫ್ಲೋಟ್ ಇಟ್ಟರೆ ಬೇರೆ ಕಾಲೇಜಿನದ್ದೂ. ಮತ್ತೆ, ಸೇರುವುದು ಮಳೆಗಾಲದ ನಡುವೆ. ಒಂದು ಗಟ್ಟಿ ಕೊಡೆ, ಬೇಗ ಒಣಗುವ ಬಟ್ಟೆ ತನ್ನಿ. ಜೀನ್ಸ್ ಮೂರು ದಿನವಾದರೂ ಒಣಗಲ್ಲ.