ಆನೆ ಹೀಗೆ ನೀರು ಕುಡಿಯುವುದಿಲ್ಲ

ಮಾನ್ಯ ಶಿಕ್ಷಕಿಯವರೇ,

ತೀರ್ಥಹಳ್ಳಿ ಕಡೆಯಿಂದ ನೀವು ಬರೆದ ಕಾಗದ ತಲುಪಿತು. ಪ್ರಾಣಿಗಳ ಅಂಗಗಳು, ಅವುಗಳ ಉಪಯೋಗ ತಿಳಿಸುವ ಚಿತ್ರಪುಸ್ತಕವೊಂದನ್ನು ಕಳೆದ ಸಂಚಿಕೆಯಲ್ಲಿ ಹೊಗಳಿದ್ದೆವು. ನಮ್ಮ ಮಾತು ನಂಬಿ ನೀವು ಅದನ್ನು ಶಾಲೆಗೆ ತರಿಸಿದಿರಿ. ಆನೆಯ ಪುಟ ತೆರೆದೊಡನೆ ಮೂರನೇ ತರಗತಿಯ ಹುಡುಗಿ, ‘ಟೀಚರ್, ಆನೆ ಹೀಗೆ ನೀರು ಕುಡಿಯುವುದಿಲ್ಲ’ ಎಂದಳಂತೆ. ಅವಳ ಮಾತೇ ಸರಿ. ನೋಡದೆ ಹೊಗಳಿದ ತಪ್ಪು ನಮ್ಮದು.

ಚಿತ್ರದ ಆನೆ ಎಳನೀರಿಗೆ ಕೊಳವೆ ಇಟ್ಟಂತೆ ಸೊಂಡಿಲಿನಲ್ಲೇ ನೀರು ಕುಡಿಯುತ್ತಿದೆ. ಸೊಂಡಿಲೆಂದರೆ ಮೂಗು, ಮೇಲ್ದುಟಿ ಕೂಡಿ ಬೆಳೆದ, ಮೂಳೆಯೇ ಇಲ್ಲದ ಅಂಗ. ಮೂಗಿನಿಂದ ಕುಡಿಯುವುದು ಆನೆಗೂ ಆಗದ ಕೆಲಸ. ಸೊಂಡಿಲಿಗೆ ಎಳೆದುಕೊಂಡ ನೀರನ್ನು ತುದಿ ಮಡಚಿ ಬಾಯಿಗೆ ಸುರಿದುಕೊಳ್ಳುತ್ತದೆ. ಸಕ್ರೆಬೈಲಿನ ಆನೆ ಬಿಡಾರದಲ್ಲಿ ಬೆಳಿಗ್ಗೆ ಮಾವುತರು ಆನೆಗಳನ್ನು ತುಂಗೆಯ ಹಿನ್ನೀರಿಗೆ ಇಳಿಸುವಾಗ ದಡದಲ್ಲಿ ನಿಂತ ಯಾವ ಮಗುವಿಗೂ ಇದು ಗೊತ್ತು. ಎಳೆಯ ಮರಿಗೆ ಮಾತ್ರ ಸೊಂಡಿಲು ಇನ್ನೂ ಹತೋಟಿಗೆ ಬಂದಿರುವುದಿಲ್ಲ. ಅದು ನೇರವಾಗಿ ಬಾಯಿ ಹಾಕಿಯೇ ನೀರು ಕುಡಿಯುತ್ತದೆ, ತಾಯಿಯ ಹಾಲನ್ನೂ ಹಾಗೆಯೇ. ಅಂಥ ಒಂದು ಮರಿಯನ್ನು ಬರೆದಿದ್ದರೆ ಆ ಪುಟ ಎಷ್ಟು ಚೆನ್ನಾಗಿರುತ್ತಿತ್ತು!

ನಿಮ್ಮ ಕಾಗದ ಓದಿ ಪುಸ್ತಕ ಮತ್ತೆ ತೆರೆದಾಗ ಇನ್ನೊಂದು ತಪ್ಪು ಕಣ್ಣಿಗೆ ಬಿತ್ತು. ಸೊಂಡಿಲಿನ ತುದಿಯಲ್ಲಿ ಬೆರಳಿನಂಥ ಎರಡು ಚಾಚುಗಳಿವೆ. ಅದು ಆಫ್ರಿಕಾದ ಆನೆಯ ಲಕ್ಷಣ. ನಮ್ಮ ಆನೆಗೆ ಇರುವುದು ಒಂದೇ. ಅಕ್ಷರ ಕೂಡಿಸಲು ಬಾರದ ಮಗುವೂ ಚಿತ್ರ ಓದುತ್ತದೆ. ಆದ್ದರಿಂದ ಇದನ್ನು ಸಣ್ಣ ವಿಷಯವೆಂದು ತಳ್ಳಿಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ.

ಪುಸ್ತಕ ಹಿಂದಿರುಗಿಸಲೇ ಎಂದು ಕೇಳಿದ್ದೀರಿ. ಬೇಡ. ಗಡಸು ಬಾಲವನ್ನು ಕಾಂಡಕ್ಕೆ ಊರಿ ಕುಟ್ಟುವ ಮರಕುಟಿಗನ ಪುಟ ಅಚ್ಚುಕಟ್ಟಾಗಿದೆ. ಆನೆಯ ಪುಟದ ಮೇಲೆ ಆ ಹುಡುಗಿಯಿಂದಲೇ ಸರಿಯಾದ ಚಿತ್ರ ಬರೆಸಿ ಅಂಟಿಸಿ.

ಸಾಧ್ಯವಾದರೆ ಮಕ್ಕಳನ್ನು ಅಡಿಕೆ ತೋಟಕ್ಕೂ ಕರೆದೊಯ್ಯಿರಿ. ಹಾರುವ ಓತಿ ಮರದ ಬಣ್ಣಕ್ಕೆ ಬಣ್ಣ ಸೇರಿಸಿ ಕುಳಿತಿರುತ್ತದೆ, ಹುಡುಕಲು ತಾಳ್ಮೆ ಬೇಕು. ಗಂಡಾದರೆ ಗಂಟಲ ಕೆಳಗಿನ ಹಳದಿ ತೊಗಲನ್ನು ಆಗಾಗ ಚಾಚಿ ತಾನೇ ಸಿಕ್ಕಿಬೀಳುತ್ತದೆ. ಅದರ ರೆಕ್ಕೆ ಹಕ್ಕಿಯದಂತೆ ಬಡಿಯುವ ರೆಕ್ಕೆಯಲ್ಲ. ಉದ್ದ ಬೆಳೆದ ಪಕ್ಕೆಲುಬುಗಳ ಮೇಲೆ ಹರಡಿದ ಚರ್ಮ. ಕೊಡೆಯಂತೆ ಬಿಚ್ಚಿ ಮರದಿಂದ ಮರಕ್ಕೆ ತೇಲುತ್ತದೆ. ಆ ಪುಸ್ತಕದಲ್ಲಿ ಇದಿಲ್ಲ. ಮಕ್ಕಳು ಕಂಡದ್ದನ್ನು ಕಂಡಂತೆ ಬರೆದು ಕಳುಹಿಸಲಿ, ಆನೆಯ ತಿದ್ದುಪಡಿಯ ಪಕ್ಕದಲ್ಲೇ ಅಚ್ಚು ಹಾಕುತ್ತೇವೆ.

— ಸಂಪಾದಕ