ಎರಡೂ ಹೆಣ್ಣೆಂದು ತಂದ ಮೊಲಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಎರಡೂ ಹೆಣ್ಣೆಂದು ಹೇಳಿ ಕೊಟ್ಟ ಎರಡು ಮೊಲಮರಿಗಳನ್ನು ಮಕ್ಕಳಿಗೆಂದು ತಂದೆವು. ಈಗ ಅವಕ್ಕೆ ನಾಲ್ಕೂವರೆ ತಿಂಗಳು. ಜೂನ್ 10ರ ಹೊತ್ತಿಗೆ ಒಂದು ಇನ್ನೊಂದರ ಬೆನ್ನೇರುವುದು ಕಂಡಿತು, ಆಟವೆಂದು ಸುಮ್ಮನಿದ್ದೆವು. 24ನೇ ತಾರೀಕು ನೆರೆಮನೆಯವರು ಎತ್ತಿ ನೋಡಿ "ಇದು ಗಂಡು" ಎಂದ ಮೇಲೆ ಬೇರೆ ಬೇರೆ ಗೂಡಿಗೆ ಹಾಕಿದೆವು. ಗಬ್ಬ ನಿಂತಿರಬಹುದೇ? ಈಗ ಏನು ಮಾಡಬೇಕು?
ಓದುಗರು, ಬದಿಯಡ್ಕ

ಉತ್ತರ: ನಿಂತಿರುವ ಸಾಧ್ಯತೆಯೇ ಹೆಚ್ಚು. ಹಸುವಿನ ಹಾಗೆ ಇಂತಿಷ್ಟು ದಿನಕ್ಕೊಮ್ಮೆ ಬೆದೆಗೆ ಬರುವ ಪ್ರಾಣಿಯಲ್ಲ ಮೊಲ. ಗಂಡು ಕೂಡಿದ ಮೇಲೆಯೇ, ಸುಮಾರು 10ರಿಂದ 13 ಗಂಟೆಯೊಳಗೆ, ಹೆಣ್ಣಿನ ಅಂಡ ಬಿಡುಗಡೆಯಾಗುತ್ತದೆ. ಕೂಡುವುದಕ್ಕೆ ಬೇಕಾದದ್ದು ಕೆಲವೇ ಸೆಕೆಂಡು. ಗಂಡು ಒಮ್ಮೆಲೇ ಪಕ್ಕಕ್ಕೋ ಹಿಂದಕ್ಕೋ ದೊಪ್ಪನೆ ಬಿದ್ದರೆ, ಕೆಲವೊಮ್ಮೆ ಸಣ್ಣಗೆ ಕಿರುಚಿದರೆ, ಕೆಲಸ ಆಯಿತೆಂದೇ ಲೆಕ್ಕ. ಬರೀ ಬೆನ್ನೇರಿದ್ದರಿಂದ ಏನೂ ಖಚಿತವಾಗುವುದಿಲ್ಲ. ಮೇಲುಗೈ ತೋರಿಸಲು ಹೆಣ್ಣು ಹೆಣ್ಣಿನ ಮೇಲೂ ಏರುತ್ತದೆ.

ಹಾಗಾಗಿ ಮೊದಲು ನೀವೇ ಇನ್ನೊಮ್ಮೆ ನೋಡಿ. ಒಬ್ಬರು ಕುಳಿತು ಮೊಲವನ್ನು ಮಡಿಲಲ್ಲಿ ಅಂಗಾತ ಮಲಗಿಸಿ ಬೆನ್ನಿಗೂ ಸೊಂಟಕ್ಕೂ ಆಸರೆ ಕೊಡಲಿ. ಆಸರೆಯಿಲ್ಲದೆ ಎತ್ತಿದರೆ ಅದು ಒದೆಯುವ ರಭಸಕ್ಕೆ ಅದರ ಬೆನ್ನುಮೂಳೆಯೇ ಮುರಿಯಬಹುದು. ಇನ್ನೊಬ್ಬರು ಮೂತ್ರದ್ವಾರದ ಎರಡೂ ಬದಿ ಬೆರಳಿಟ್ಟು ಮೆಲ್ಲಗೆ ಒತ್ತಬೇಕು. ದುಂಡಗಿನ ತೂತಿರುವ ಸಣ್ಣ ಕೊಳವೆ ಹೊರಗೆ ಚಾಚಿದರೆ ಗಂಡು. ಮಲದ್ವಾರದ ಕಡೆಗೆ ಇಳಿಯುವ ಉದ್ದನೆಯ ಸೀಳು ಕಂಡರೆ ಹೆಣ್ಣು. ಮೂರು ತಿಂಗಳು ದಾಟಿದ ಗಂಡಿಗೆ ಎರಡೂ ಬದಿಯಲ್ಲಿ ರೋಮ ಕಡಿಮೆಯಿರುವ ಉದ್ದನೆಯ ಬೀಜದ ಚೀಲ ಇರುತ್ತದೆ. ಹೆದರಿದಾಗ ಅದು ಬೀಜವನ್ನು ಒಳಗೆಳೆದುಕೊಳ್ಳುವುದುಂಟು, ಹಾಗಾಗಿ ಕಾಣಲಿಲ್ಲವೆಂದು ಹೆಣ್ಣೆಂದು ತೀರ್ಮಾನಿಸಬೇಡಿ. ಎಂಟು ವಾರದೊಳಗಿನ ಮರಿಗಳಲ್ಲಿ ಮಾರುವವರಿಗೂ ತಪ್ಪುತ್ತದೆ. ನಿಮಗೆ ಆದದ್ದು ಅದೇ ಇರಬೇಕು.

ಬೇರೆ ಮಾಡಿದ್ದು ಸರಿ. ಆದರೆ ಒಂದೇ ತಂತಿಬಲೆಯ ಆಚೆ ಈಚೆ ಇಡಬೇಡಿ, ಬಲೆಗೆ ಒತ್ತಿಕೊಂಡೇ ಕೂಡಿದ ಮೊಲಗಳಿವೆ. ಅಂಗಳದಲ್ಲಿ ಸ್ವಲ್ಪ ಹೊತ್ತು ಬಿಡುವಾಗಲೂ ಒಂದರ ನಂತರ ಇನ್ನೊಂದನ್ನು ಬಿಡಿ.

ಇನ್ನು ತಾರೀಕಿನ ಲೆಕ್ಕ. ಇದೇ ಎಲ್ಲಕ್ಕಿಂತ ಮುಖ್ಯ, ಗೋಡೆಯ ಕ್ಯಾಲೆಂಡರಿನಲ್ಲೇ ಬರೆದಿಡಿ. ಮೊಲದ ಗರ್ಭಾವಧಿ ಸಾಮಾನ್ಯವಾಗಿ 30ರಿಂದ 32 ದಿನ. 28ಕ್ಕೂ ಆಗಬಹುದು, 33 ದಾಟುವುದು ಅಪರೂಪ. ನಿಮ್ಮಲ್ಲಿ ಮೊದಲ ಅನುಮಾನದ ದಿನ ಜೂನ್ 10, ಕೊನೆಯ ದಿನ 24. ಹಾಗಾದರೆ ಜುಲೈ 8ರಿಂದ 27ರವರೆಗೆ ಯಾವ ದಿನವೂ ಮರಿ ಹಾಕಬಹುದು. ಮರಿ ಹಾಕಲು ಇಡುವ ಹುಲ್ಲು ಹಾಸಿದ ಪೆಟ್ಟಿಗೆಯನ್ನು (ಅಳತೆ ಕೆಳಗಿದೆ) ಬಹಳ ಮೊದಲೇ ಗೂಡಿನಲ್ಲಿ ಇಟ್ಟರೆ ಮೊಲ ಅದನ್ನು ಶೌಚದ ಜಾಗ ಮಾಡಿಕೊಳ್ಳುತ್ತದೆ. ಅದಕ್ಕೆ ಜುಲೈ 6ರೊಳಗೆ ಎಲ್ಲ ಸಿದ್ಧ ಮಾಡಿ ಗೂಡಿನ ಹೊರಗಿಡಿ, 7ರ ಸಂಜೆ ಒಳಗಿಡಿ, ದಿನವೂ ನೋಡಿ ಒದ್ದೆಯಾದ ಹುಲ್ಲು ಬದಲಿಸಿ. ಬಾಯಲ್ಲಿ ಹುಲ್ಲಿನ ಕಟ್ಟನ್ನು ಅಡ್ಡಲಾಗಿ ಕಚ್ಚಿಕೊಂಡು ಮೂಲೆಯಿಂದ ಮೂಲೆಗೆ ಓಡಾಡಲು ಶುರುಮಾಡಿದರೆ, ಎದೆಯ ರೋಮ ಕಿತ್ತರೆ, ಹೊತ್ತು ಹತ್ತಿರ ಬಂತು.

ಗಬ್ಬವೇ ಎಂದು ಖಚಿತ ಮಾಡಿಕೊಳ್ಳಲು ಮೊಲ ನೋಡಿ ಅಭ್ಯಾಸವಿರುವ ಪಶುವೈದ್ಯರ ಬಳಿ ಹೋಗಿ. ಕೂಡಿದ 10ರಿಂದ 14 ದಿನಗಳ ನಡುವೆ ಕಿಬ್ಬೊಟ್ಟೆಯನ್ನು ಹಗುರವಾಗಿ ತಡವಿದರೆ ಗೋಲಿ ಗಾತ್ರದ ಗಂಟುಗಳು ಸಾಲಾಗಿ ಬೆರಳ ಸಂದಿನಲ್ಲಿ ಜಾರುತ್ತವೆ. ಹಿಕ್ಕೆ ತುಂಬಿದ ಕರುಳೂ ಹೆಚ್ಚುಕಡಿಮೆ ಹಾಗೆಯೇ ಸಿಗುವುದರಿಂದ ಅನುಭವವಿಲ್ಲದ ಕೈಗೆ ಮೋಸವಾಗುತ್ತದೆ. ಮನೆಯಲ್ಲಿ ಒತ್ತಿ ನೋಡುವುದು ಬೇಡ, ಒಳಗಿನ ಮರಿಗೆ ಪೆಟ್ಟಾಗುತ್ತದೆ. ಸ್ಕ್ಯಾನ್ ಸೌಕರ್ಯ ಸಿಕ್ಕಿದರೆ ಅದೇ ಒಳ್ಳೆಯದು.

ಮರಿ ಬೇಡವೆನಿಸಿದರೆ ಒಂದು ದಾರಿಯಿದೆ: ಆರಂಭದ ದಿನಗಳಲ್ಲೇ ಗರ್ಭಕೋಶವನ್ನು ಅಂಡಾಶಯದ ಜೊತೆ ತೆಗೆಸುವುದು. ನಮ್ಮ ಮಟ್ಟಿಗೆ, ನುರಿತ ವೈದ್ಯರು ಸಿಕ್ಕಿದರೆ ನಾಲ್ಕೂವರೆ ತಿಂಗಳ ಹೆಣ್ಣಿಗೆ ಇದು ಒಳ್ಳೆಯ ಆಯ್ಕೆ. ವಯಸ್ಸಾದ ಹೆಣ್ಣು ಮೊಲಗಳಲ್ಲಿ ಗರ್ಭಕೋಶದ ಕ್ಯಾನ್ಸರ್ ಬಹಳ ಸಾಮಾನ್ಯ, ಅದೂ ಇದರಿಂದ ತಪ್ಪುತ್ತದೆ. ಮೊಲಕ್ಕೆ ಅರಿವಳಿಕೆ ಕೊಡುವುದು ನಾಯಿ, ಬೆಕ್ಕಿಗಿಂತ ನಾಜೂಕಿನ ಕೆಲಸ, ಎಲ್ಲರೂ ಮಾಡುವುದಿಲ್ಲ. ಎಷ್ಟು ಮೊಲಗಳಿಗೆ ಮಾಡಿದ್ದೀರಿ ಎಂದು ಸಂಕೋಚವಿಲ್ಲದೆ ಕೇಳಿ. ಹತ್ತಿರದ ಸರಕಾರಿ ಮೃಗಾಸ್ಪತ್ರೆಯಲ್ಲಿ ವಿಚಾರಿಸಿ, ಅಲ್ಲಿ ಆಗದಿದ್ದರೆ ಮಂಗಳೂರಿನಲ್ಲಿ ಸಣ್ಣ ಸಾಕುಪ್ರಾಣಿ ನೋಡುವವರನ್ನು ಕೇಳಿ. ಶಸ್ತ್ರಚಿಕಿತ್ಸೆಗೆ ಮೊದಲು ಮೊಲವನ್ನು ರಾತ್ರಿಯಿಡೀ ಉಪವಾಸ ಹಾಕಬಾರದು. ಮೊಲ ವಾಂತಿ ಮಾಡುವುದಿಲ್ಲ, ಹೊಟ್ಟೆ ಖಾಲಿ ಬಿದ್ದರೆ ಕರುಳಿನ ಚಲನೆಯೇ ನಿಲ್ಲುತ್ತದೆ.

ಮುಂದುವರಿಸುವುದಾದರೆ ಆಹಾರ. ಒಣಹುಲ್ಲು, ಹಸಿಹುಲ್ಲು ಎಷ್ಟು ತಿಂದರೂ ಸರಿ. ಪೆಲೆಟ್ (ಅಂಗಡಿಯಲ್ಲಿ ಸಿಗುವ ಗುಳಿಗೆ ಮೇವು) ಮಾತ್ರ ಮೊದಲ ಮೂರು ವಾರ ಎಂದಿನಷ್ಟೇ, ದೇಹತೂಕದ ಕಿಲೋಗೆ ಸುಮಾರು 25 ಗ್ರಾಂ. ಕೊನೆಯ ಹತ್ತು ದಿನ ನಿಧಾನವಾಗಿ ಏರಿಸಿ, ಹಾಲೂಡುವಾಗ ಬೇಕಾದಷ್ಟು ಕೊಡಿ. ಗಬ್ಬವೆಂದು ಮೊದಲ ದಿನದಿಂದಲೇ ತಿನ್ನಿಸಿ ಕೊಬ್ಬಿಸಿದರೆ ಕೊನೆಯ ವಾರದಲ್ಲಿ ಗರ್ಭದ ನಂಜು ಬರಬಹುದು: ತಿನ್ನುವುದು ಬಿಡುತ್ತದೆ, ಮೂಲೆ ಹಿಡಿಯುತ್ತದೆ, ಸಾಮಾನ್ಯವಾಗಿ ಮಬ್ಬಾಗಿರುವ ಮೂತ್ರ ತಿಳಿಯಾಗುತ್ತದೆ. ಇದು ಅದೇ ದಿನ ವೈದ್ಯರಲ್ಲಿಗೆ ಒಯ್ಯಬೇಕಾದ ಸ್ಥಿತಿ. ಆಟಿಯ (ಆಷಾಢದ ಹೊತ್ತಿನ) ಮಳೆಗೆ ಕೊಯ್ದ ಹುಲ್ಲನ್ನು ನೀರು ಆರಿಸದೆ ಹಾಕಬೇಡಿ, ಹೊಟ್ಟೆ ಉಬ್ಬರಿಸುತ್ತದೆ. ಮರಗೆಣಸಿನ ಎಲೆ, ರಬ್ಬರ್ ಎಲೆ ಎರಡರಲ್ಲೂ ಸಯನೈಡ್ ಆಗಿ ಬದಲಾಗುವ ಅಂಶವಿದೆ, ಹತ್ತಿರ ಸುಳಿಯಬಾರದು. ಜಂತುಹುಳದ ಔಷಧವಾದ ಆಲ್ಬೆಂಡಜೋಲ್ ಗಬ್ಬದಲ್ಲಿ ಬೇಡ. ಬಾಯಿಗೆ ಕೊಡುವ ಅಮಾಕ್ಸಿಸಿಲಿನ್, ಆಂಪಿಸಿಲಿನ್ ಯಾವ ಮೊಲಕ್ಕೂ ಬೇಡ. ಮನೆಯಲ್ಲಿ ಉಳಿದ ಮಾತ್ರೆ ಅರೆದು ಕೊಟ್ಟರೆ ಕರುಳಿನ ಒಳ್ಳೆಯ ಸೂಕ್ಷ್ಮಾಣುಗಳು ಸತ್ತು ಮೊಲವೂ ಸಾಯಬಹುದು.

ಪ್ರಶ್ನೆ: ಮರಿ ಬೇಡವೆಂದರೆ ಹಸಿ ಬಪ್ಪಂಗಾಯಿ (ಪಪ್ಪಾಯಿ) ಕೊಟ್ಟರೆ ಸಾಕು ಎಂದು ಮನೆಯ ಹಿರಿಯರು ಹೇಳುತ್ತಾರೆ. ಕೊಡಬಹುದೇ?
ಓದುಗರು, ಪೆರ್ಲ

ಉತ್ತರ: ದಯವಿಟ್ಟು ಕೊಡಬೇಡಿ. ಗಬ್ಬ ಇಳಿಯುವ ಭರವಸೆಯೇನೂ ಇಲ್ಲ, ಹೊಟ್ಟೆ ಕೆಟ್ಟು ಭೇದಿಯಾಗುವ ಅಪಾಯ ಮಾತ್ರ ಇದೆ. ಮನುಷ್ಯರ ಗರ್ಭಪಾತದ ಮಾತ್ರೆಗಳೂ ಅಷ್ಟೇ. ಮೊಲದಲ್ಲಿ ಗರ್ಭ ತಡೆಯುವ ಚುಚ್ಚುಮದ್ದು ಇಲ್ಲವೆಂದಲ್ಲ, ಅದರ ಪ್ರಮಾಣವನ್ನೂ ಸಮಯವನ್ನೂ ವೈದ್ಯರೇ ನಿರ್ಧರಿಸಬೇಕು.

ಪ್ರಶ್ನೆ: ಗಂಡಿನಿಂದ ಬೇರೆ ಮಾಡಿ 17 ದಿನವಾಯಿತು. ನಿನ್ನೆಯಿಂದ ಎದೆಯ ರೋಮ ಕಿತ್ತು ಮೂಲೆಯಲ್ಲಿ ಗುಡ್ಡೆ ಹಾಕಿದೆ, ಕೈ ಹಾಕಿದರೆ ಗುರುಗುಟ್ಟುತ್ತದೆ. ಮರಿ ಇಲ್ಲ. ಏನಾಗಿದೆ?
ಓದುಗರು, ಮುಳ್ಳೇರಿಯ

ಉತ್ತರ: ಹುಸಿಗಬ್ಬ ಇರಬೇಕು. ಕೂಡಿದಾಗ ಅಂಡ ಬಿಡುಗಡೆಯಾಗಿ ಗರ್ಭ ಕಟ್ಟದೆ ಹೋದರೂ ದೇಹ ಮಾತ್ರ ಗಬ್ಬವೆಂದೇ ನಡೆದುಕೊಳ್ಳುತ್ತದೆ. ಸುಮಾರು 16ರಿಂದ 18 ದಿನಕ್ಕೆ ಅದು ಮುಗಿಯುವಾಗ ಗೂಡು ಕಟ್ಟುವುದು, ಕೆಚ್ಚಲು ಉಬ್ಬುವುದು, ಸಿಟ್ಟು ಎಲ್ಲ ಕಾಣಿಸುತ್ತದೆ. ಎರಡು ಹೆಣ್ಣು ಒಟ್ಟಿಗಿದ್ದು ಒಂದರ ಮೇಲೊಂದು ಏರಿದರೂ ಹೀಗಾಗುತ್ತದೆ. ಕಟ್ಟಿದ ಗೂಡನ್ನು ಕಿತ್ತೆಸೆಯಬೇಡಿ, ಕಿತ್ತಷ್ಟೂ ಮತ್ತೆ ರೋಮ ಕೀಳುತ್ತದೆ. ಕೆಲವೇ ದಿನಗಳಲ್ಲಿ ತಾನಾಗಿ ಶಾಂತವಾಗುತ್ತದೆ. ದಿನಕ್ಕೊಮ್ಮೆ ಕೆಚ್ಚಲು ಮುಟ್ಟಿ ನೋಡಿ: ಬಿಸಿಯಾಗಿ, ಗಟ್ಟಿಯಾಗಿ, ಕೆಂಪು ಇಲ್ಲವೇ ನೀಲಿಗೆ ತಿರುಗಿದ್ದರೆ ಕೆಚ್ಚಲುಬಾವು, ಚಿಕಿತ್ಸೆ ಬೇಕು. ಹೀಗೆಂದು ಪೆಟ್ಟಿಗೆಯನ್ನು ತೆಗೆದುಬಿಡಬೇಡಿ. ಬೇರೆ ಮಾಡುವ ಎರಡು ವಾರ ಮೊದಲು ಕೂಡಿದ್ದರೆ ಈಗ ಅದು 31ನೇ ದಿನ, ನಿಜವಾದ ಗಬ್ಬಕ್ಕೂ ಲಕ್ಷಣ ಇವೇ. ಬೇರೆ ಮಾಡಿದ ದಿನದಿಂದ 35 ದಿನ ಮುಗಿಯುವವರೆಗೆ ಪೆಟ್ಟಿಗೆ ಇರಲಿ.

ಪ್ರಶ್ನೆ: ಬೆಳಗ್ಗೆ ಎದ್ದು ನೋಡುವಾಗ ತಂತಿಯ ನೆಲದ ಮೇಲೆ ಆರು ಮರಿಗಳು ಚೆಲ್ಲಾಪಿಲ್ಲಿ ಬಿದ್ದಿದ್ದವು. ಎರಡು ಸತ್ತಿದ್ದವು. ತಾಯಿ ಹತ್ತಿರ ಹೋಗುವುದೇ ಇಲ್ಲ. ಉಳಿದವನ್ನು ಉಳಿಸಿಕೊಳ್ಳುವುದು ಹೇಗೆ?
ಓದುಗರು, ಕುಂಬಳೆ

ಉತ್ತರ: ಮೊದಲು ಶಾಖ, ಆಮೇಲೆ ಹಾಲು. ತಣ್ಣಗಾದ ಮರಿಗೆ ಹಾಲು ಕೊಟ್ಟರೆ ಅದು ಜೀರ್ಣವಾಗುವುದಿಲ್ಲ, ಶ್ವಾಸಕ್ಕೆ ಹೋಗಿ ಸಾಯುತ್ತದೆ. ಬಾಟಲಿಗೆ ಬಿಸಿನೀರು ತುಂಬಿ ದಪ್ಪ ಬಟ್ಟೆ ಸುತ್ತಿ, ಮುಟ್ಟಿದರೆ ಹಿತವೆನಿಸುವಷ್ಟು ಬಿಸಿಯ ಬದಿಯಲ್ಲಿ ಮರಿಗಳನ್ನು ಒಟ್ಟಿಗೆ ಮಲಗಿಸಿ. ಅಂಗೈಯಲ್ಲಿ ಹಿಡಿದು ಮೆಲ್ಲಗೆ ಉಜ್ಜಿ. ಮೈ ಬೆಚ್ಚಗಾಗಿ ಮುಟ್ಟಿದರೆ ಚಿಮ್ಮುವ ಹಾಗಾದ ಮೇಲೆ ಪೆಟ್ಟಿಗೆಗೆ ಹಾಕಿ, ತಾಯಿ ಕಿತ್ತ ರೋಮವನ್ನು ಮೇಲೆ ಹೊದಿಸಿ. ಸತ್ತ ಮರಿ, ಕಸ ಎಲ್ಲ ತೆಗೆಯಿರಿ. ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಬಿಟ್ಟುಬಿಡುತ್ತದೆ ಎಂಬ ಮಾತು ಸಾಕಿದ ಮೊಲಕ್ಕೆ ಅನ್ವಯಿಸುವುದಿಲ್ಲ.

ಪೆಟ್ಟಿಗೆ ಮಧ್ಯಮ ಗಾತ್ರದ ಮೊಲಕ್ಕೆ 45 ಸೆಂ.ಮೀ. ಉದ್ದ, 30 ಅಗಲ, 30 ಎತ್ತರ. ತಾಯಿ ಒಳಹೋಗುವ ಕಡೆ ಮಾತ್ರ ಅಂಚು 15 ಸೆಂ.ಮೀ. ಇರಲಿ. ಹಾಲು ಕುಡಿಯುತ್ತಾ ಮೊಲೆಗೆ ಜೋತುಬಿದ್ದ ಮರಿ ತಾಯಿಯ ಜೊತೆ ಹೊರಗೆ ಬರದಂತೆ ಈ ಅಂಚು ತಡೆಯುತ್ತದೆ. ಅಡಿಯಲ್ಲಿ ನೀರು ಬಸಿಯಲು ಕೆಲವು ತೂತು, ಮೇಲೆ ಬೂಷ್ಟು ಹಿಡಿಯದ ಒಣ ಬೈಹುಲ್ಲು ನಾಲ್ಕು ಬೆರಳು ದಪ್ಪ, ನಡುವೆ ಕುಳಿ. ಹತ್ತಿ, ನೂಲು, ತೆಂಗಿನ ನಾರು ಬೇಡ, ಕಾಲಿಗೆ ಸುತ್ತಿಕೊಳ್ಳುತ್ತವೆ. ನಮ್ಮ ಕಡೆ ಮರಿಗಳಿಗೆ ದೊಡ್ಡ ಶತ್ರು ಇರುವೆ. ಗೂಡಿನ ಪ್ರತಿ ಕಾಲನ್ನೂ ನೀರು ತುಂಬಿದ ಬಟ್ಟಲಲ್ಲಿಡಿ, ಗೋಡೆಗೆ ತಾಗಿಸಬೇಡಿ. ಇಲಿ, ಹಾವು ನುಗ್ಗದಂತೆ ಸಣ್ಣ ಕಣ್ಣಿನ ಬಲೆ ಹೊಡೆಯಿರಿ.

ತಾಯಿ ಹತ್ತಿರ ಹೋಗದಿರುವುದು ಅದರ ಸಹಜ ಗುಣ. ಮೊಲ ಮರಿಗಳ ಮೇಲೆ ಕೂರುವುದಿಲ್ಲ. ದಿನಕ್ಕೆ ಒಂದೋ ಎರಡೋ ಸಲ, ಹೆಚ್ಚಾಗಿ ಬೆಳಗಿನ ಜಾವ ಇಲ್ಲವೇ ರಾತ್ರಿ, ಐದು ನಿಮಿಷದೊಳಗೆ ಹಾಲೂಡಿಸಿ ಹೊರಡುತ್ತದೆ. ಹಾಗಾಗಿ ತಾಯಿಯನ್ನು ಕಾಯುತ್ತಾ ಕೂರಬೇಡಿ, ಮರಿಯ ಹೊಟ್ಟೆ ನೋಡಿ. ದುಂಡಗೆ, ಬಿಗಿಯಾಗಿ, ತೆಳು ಚರ್ಮದೊಳಗೆ ಬೆಳ್ಳಗೆ ಹಾಲು ಕಂಡರೆ ಕುಡಿದಿದೆ. ಹೊಟ್ಟೆ ಒಳಕ್ಕೆ ಹೋಗಿ ಚರ್ಮ ಸುಕ್ಕಾಗಿದ್ದರೆ ಕುಡಿದಿಲ್ಲ. ಇಡೀ ಒಂದು ದಿನ ಕುಡಿಯದಿದ್ದರೆ ತಾಯಿಯನ್ನು ಮಡಿಲಲ್ಲಿ ಅಂಗಾತ ಹಿಡಿದು ಮರಿಗಳನ್ನು ಮೊಲೆಗೆ ಹಚ್ಚಿ, ಐದು ನಿಮಿಷ ಸಾಕು. ಕೆಲವು ದಿನದಲ್ಲಿ ತಾಯಿ ತಾನೇ ಕಲಿಯುವುದುಂಟು.

ಹಾಲೇ ಇಲ್ಲವೆಂದಾದರೆ ದನದ ಹಾಲು ತೀರಾ ತೆಳು. ಮೊಲದ ಹಾಲಿನಲ್ಲಿ ಕೊಬ್ಬೂ ಪ್ರೋಟೀನೂ ಅದರ ಸುಮಾರು ಮೂರು ಪಟ್ಟು. ಬೆಕ್ಕಿನ ಮರಿಗೆಂದು ಮಾರುವ ಹಾಲಿನ ಪುಡಿ ಉತ್ತಮ. ಹುಟ್ಟಿದ ಮರಿಗೆ ದಿನಕ್ಕೆ ಒಟ್ಟು 5 ಮಿ.ಲೀ., ಎರಡು ಸಲಕ್ಕೆ ಹಂಚಿ. ಒಂದು ವಾರಕ್ಕೆ 12ರಿಂದ 15, ಎರಡು ವಾರಕ್ಕೆ 25 ಮಿ.ಲೀ. ಸೂಜಿ ತೆಗೆದ 1 ಮಿ.ಲೀ. ಸಿರಿಂಜಿನಲ್ಲಿ, ಮರಿಯ ತಲೆ ಮೇಲಿರುವಂತೆ ಹಿಡಿದು, ಅದು ನೆಕ್ಕಿದ ವೇಗಕ್ಕೇ ಹನಿಹನಿ ಬಿಡಿ. ಮೂಗಿಗೆ ಹಾಲು ಬಂದರೆ ಅಲ್ಲೇ ನಿಲ್ಲಿಸಿ ಒರೆಸಿ. ಕುಡಿಸಿದ ಮೇಲೆ ಬೆಚ್ಚಗಿನ ಒದ್ದೆ ಹತ್ತಿಯಿಂದ ಮೂತ್ರದ್ವಾರವನ್ನು ಮೆಲ್ಲಗೆ ಸವರಿ, ಇಲ್ಲವಾದರೆ ಮೂತ್ರ ಬರುವುದಿಲ್ಲ.

ಪ್ರಶ್ನೆ: 34 ದಿನವಾಯಿತು, ಇನ್ನೂ ಮರಿ ಹಾಕಿಲ್ಲ. ಕಾಯಬಹುದೇ?
ಓದುಗರು, ಮಂಜೇಶ್ವರ

ಉತ್ತರ: ಕೂಡಿದ ದಿನ ಖಚಿತವಾಗಿದ್ದರೆ ಇನ್ನು ಕಾಯಬೇಡಿ, ಇವತ್ತೇ ತೋರಿಸಿ. ಒಂದೆರಡೇ ಮರಿಗಳಿದ್ದಾಗ ಅವು ಒಳಗೇ ದೊಡ್ಡದಾಗಿ ಹೊರಬರಲಾರದೆ ಸಿಕ್ಕಿಕೊಳ್ಳುತ್ತವೆ. ಅರ್ಧ ಗಂಟೆ ಮುಕ್ಕಿದರೂ ಮರಿ ಬಾರದಿದ್ದರೆ, ಹಸಿರು ಮಿಶ್ರಿತ ಕಂದು ದ್ರವ ಬಂದರೆ ರಾತ್ರಿಯೇ ಆದರೂ ಹೊರಡಿ. ಸಹಜವಾದ ಹೆರಿಗೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಹೆರಿಗೆ ನೋವು ಬರಿಸುವ ಆಕ್ಸಿಟೋಸಿನ್ ಚುಚ್ಚುಮದ್ದನ್ನು ಮನೆಯಲ್ಲಿ ಕೊಡಬೇಡಿ, ಮರಿ ಅಡ್ಡ ಸಿಕ್ಕಿದ್ದರೆ ಗರ್ಭಕೋಶವೇ ಒಡೆಯಬಹುದು.

ಪ್ರಶ್ನೆ: ಗಂಡು ಮೊಲದ ಬೀಜ ತೆಗೆಸಿದೆವು. ಯಾವಾಗ ಒಟ್ಟಿಗೆ ಬಿಡಬಹುದು? ಮರಿಗಳನ್ನು ಯಾವಾಗ ಬೇರೆ ಮಾಡಬೇಕು?
ಓದುಗರು, ನೀರ್ಚಾಲು

ಉತ್ತರ: ಆರು ವಾರ ಬಿಟ್ಟು. ಆಪರೇಷನ್ ಆದರೂ ನಾಳದಲ್ಲಿ ಉಳಿದ ವೀರ್ಯಾಣು ಹಲವು ವಾರ ಜೀವಂತವಿರುತ್ತದೆ. ಬೀಜ ತೆಗೆಸದ ಗಂಡಾದರೆ ಮರಿ ಹಾಕುವ ದಿನ ಅದು ಹೆಣ್ಣಿನ ಹತ್ತಿರ ಇರಲೇಬಾರದು. ಮರಿ ಹಾಕಿದ ಕೆಲವೇ ಗಂಟೆಯಲ್ಲಿ ತಾಯಿ ಮತ್ತೆ ಗಬ್ಬವಾಗಬಲ್ಲದು. ಮರಿಗಳು 10ರಿಂದ 12 ದಿನಕ್ಕೆ ಕಣ್ಣು ಬಿಡುತ್ತವೆ, ಮೂರನೇ ವಾರ ಹುಲ್ಲು ಕಚ್ಚುತ್ತವೆ. ಆರು ವಾರ ತಾಯಿಯ ಜೊತೆಗಿರಲಿ. ಹತ್ತನೇ ವಾರದಿಂದ ಪ್ರತಿ ವಾರ ಅಂಗಾತ ಮಲಗಿಸಿ ನೋಡುತ್ತಾ, ಗಂಡೆಂದು ಕಂಡದ್ದನ್ನು ಅಂದೇ ಬೇರೆ ಗೂಡಿಗೆ ಹಾಕಿ.