ಸ್ಪಾನ್ಸರ್ ಮಾಡೋ ಖರ್ಚು ಯಾರದ್ದು?

ಈ ಸಲ ಬಂದಿರುವ ಮೂರೂ ಪ್ರಶ್ನೆ ಆಸ್ಟ್ರೇಲಿಯಾದ 494 ವೀಸಾ ಬಗ್ಗೆ. ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್ ಬಿಟ್ಟು ಉಳಿದೆಲ್ಲ ಕಡೆಯನ್ನು ಅಲ್ಲಿ ರೀಜನಲ್ ಅಂತಾರೆ. ಆ ಕಡೆಯ ಮಾಲೀಕರು ಹೊರದೇಶದವರನ್ನು ಸ್ಪಾನ್ಸರ್ ಮಾಡಿ ಕರೆಸಿಕೊಳ್ಳೋಕೆ 2019ರ ನವೆಂಬರ್‌ನಲ್ಲಿ ಶುರುವಾದ ವೀಸಾ ಇದು.

ಪ್ರಶ್ನೆ: ನನ್ನ ತಮ್ಮ ಮಂಗಳೂರಿನ ಹೋಟೆಲೊಂದರಲ್ಲಿ ಶೆಫ್. ಬೆಂಡಿಗೋ ಅನ್ನುವ ಊರಿನ ರೆಸ್ಟೋರೆಂಟ್‌ನವರು ಸ್ಪಾನ್ಸರ್ ಮಾಡ್ತಾರಂತೆ, ಆದರೆ ಅದಕ್ಕೆ 14 ಲಕ್ಷ ಕೊಡಬೇಕಂತೆ. ಏಜೆಂಟ್ ಇದು ಮಾಮೂಲು ಅಂತಾನೆ. ಅಪ್ಪ ತೋಟ ಅಡ ಇಡೋಕೆ ಹೊರಟಿದ್ದಾರೆ. ಏನು ಮಾಡೋಣ? – ಓದುಗರು, ಕುಂದಾಪುರ

ತೋಟ ಅಡ ಇಡಬೇಡಿ. ಮೊದಲು ಅಪ್ಪನ ಹತ್ತಿರ ಕೂತು ಇದನ್ನು ಓದಿ ಹೇಳಿ.

ಸ್ಪಾನ್ಸರ್ ಮಾಡೋದಕ್ಕೆ ಬದಲಾಗಿ ದುಡ್ಡು ಕೇಳೋದು ಆಸ್ಟ್ರೇಲಿಯಾದಲ್ಲಿ 2015ರ ಡಿಸೆಂಬರ್‌ನಿಂದ ಅಪರಾಧ. ಕೇಳಿದವರಿಗೆ, ತಗೊಂಡವರಿಗೆ ಎರಡು ವರ್ಷದವರೆಗೆ ಜೈಲು ಆಗಬಹುದು. ಏಜೆಂಟ್ ಹೇಳದೆ ಬಿಟ್ಟಿರುವ ಇನ್ನೊಂದು ವಿಷಯ ಏನಂದ್ರೆ, ದುಡ್ಡು ಕೊಟ್ಟವರಿಗೂ ದಂಡ ಬೀಳಬಹುದು, ಸಿಕ್ಕ ವೀಸಾ ಕೂಡ ರದ್ದಾಗಬಹುದು. ಅಂದ್ರೆ ನಿಮ್ಮ ತಮ್ಮ 14 ಲಕ್ಷ ಕೊಟ್ಟು ಹೋದರೆ, ಅಲ್ಲಿ ಇರುವಷ್ಟು ದಿನವೂ ಆ ಮಾಲೀಕರಿಗೆ ಹೆದರಿಕೊಂಡೇ ಇರಬೇಕು.

ನಿಜವಾದ ಖರ್ಚು ಎಷ್ಟು ಅಂತ ಗೊತ್ತಾದರೆ ನಿಮಗೇ ಸಿಟ್ಟು ಬರುತ್ತೆ. ಮಾಲೀಕರು ಸ್ಪಾನ್ಸರ್ ಆಗಿ ಒಪ್ಪಿಗೆ ಪಡೆಯೋಕೆ ಸರ್ಕಾರಕ್ಕೆ ಕಟ್ಟೋದು 420 ಆಸ್ಟ್ರೇಲಿಯನ್ ಡಾಲರ್. ಮೇಲೆ ತರಬೇತಿ ನಿಧಿಗೆ ಒಂದು ಸಲದ ಲೆವಿ, ವರ್ಷದ ವಹಿವಾಟು ಒಂದು ಕೋಟಿ ಡಾಲರ್‌ಗಿಂತ ಕಡಿಮೆ ಇದ್ದರೆ 3,000 ಡಾಲರ್, ಅದಕ್ಕಿಂತ ದೊಡ್ಡವರಿಗೆ 5,000. ಇದನ್ನು ಮಾಲೀಕರೇ ಭರಿಸಬೇಕು, ಸಂಬಳದಲ್ಲಿ ಹಿಡಿದುಕೊಳ್ಳೋ ಹಾಗೂ ಇಲ್ಲ. ನಿಮ್ಮ ತಮ್ಮನ ಪಾಲಿಗೆ ಬರೋದು ಅವನ ವೀಸಾ ಅರ್ಜಿ ಶುಲ್ಕ, ಇಂಗ್ಲಿಷ್ ಪರೀಕ್ಷೆ, ಕೌಶಲ ಪರೀಕ್ಷೆ, ಮೆಡಿಕಲ್, ಪೊಲೀಸ್ ಸರ್ಟಿಫಿಕೇಟ್. ಏಜೆಂಟ್ ಇಟ್ಟುಕೊಂಡರೆ ಅವರ ಫೀ. ಅಷ್ಟೇ. ಎಲ್ಲದಕ್ಕೂ ರಸೀದಿ ಇರುತ್ತೆ.

ಈಗ ಸಂಬಳದ ಲೆಕ್ಕ ನೋಡಿ, ಮೋಸ ಜಾಸ್ತಿ ನಡೆಯೋದು ಇಲ್ಲೇ. ಸ್ಪಾನ್ಸರ್ ಮಾಡಿದವರಿಗೆ ಕೊಡಲೇಬೇಕಾದ ಕನಿಷ್ಠ ಸಂಬಳ ಅಂತ ಒಂದಿದೆ, 2025ರ ಜುಲೈನಿಂದ 2026ರ ಜೂನ್‌ವರೆಗಿನ ಸಾಲಿಗೆ ಅದು ವರ್ಷಕ್ಕೆ 76,515 ಡಾಲರ್. ಅದೇ ಊರಲ್ಲಿ ಅದೇ ಕೆಲಸಕ್ಕೆ ಆಸ್ಟ್ರೇಲಿಯಾದವರಿಗೆ ಅದಕ್ಕಿಂತ ಜಾಸ್ತಿ ಸಿಗ್ತಿದ್ದರೆ ಇವನಿಗೂ ಅಷ್ಟೇ ಕೊಡಬೇಕು. ನಿವೃತ್ತಿ ನಿಧಿಗೆ ಹಾಕುವ 12 ಪರ್ಸೆಂಟ್ ಬೇರೆ. ಈ 76,515 ಅನ್ನು ವಾರಕ್ಕೆ ಹಂಚಿದರೆ ಸುಮಾರು 1,470 ಡಾಲರ್, ವಾರಕ್ಕೆ 38 ಗಂಟೆ ಕೆಲಸ ಅಂತ ಹಿಡಿದರೆ ಗಂಟೆಗೆ 38 ಡಾಲರ್ ಮೇಲೆ ಬೀಳುತ್ತೆ. ಅದೇ 1,470 ಕೊಟ್ಟು ಬೆಳಗ್ಗೆ ಹತ್ತರಿಂದ ರಾತ್ರಿ ಹನ್ನೊಂದರವರೆಗೆ ದುಡಿಸಿ ವಾರಕ್ಕೆ 60 ಗಂಟೆ ಮಾಡಿಸಿದರೆ? ಗಂಟೆಗೆ 24.50 ಆಯ್ತು. ಅಲ್ಲಿ ವಯಸ್ಕರಿಗೆ ಕೊಡಬೇಕಾದ ಕನಿಷ್ಠ ಕೂಲಿಯೇ ಅದೇ ಸಾಲಿನಲ್ಲಿ ಗಂಟೆಗೆ 24.95. ಪೇ ಸ್ಲಿಪ್‌ನಲ್ಲಿ 38 ಗಂಟೆ ಅಂತಲೇ ಅಚ್ಚಾಗಿರುತ್ತೆ, ಹಾಗಾಗಿ ಸುಮ್ನೆ ನೋಡಿದರೆ ಏನೂ ಗೊತ್ತಾಗಲ್ಲ. ಇನ್ನು ಕೆಲವರು ಬ್ಯಾಂಕಿಗೆ ಪೂರ್ತಿ ಸಂಬಳ ಹಾಕಿ, ಮರುದಿನ ಅರ್ಧ ನಗದಾಗಿ ವಾಪಸ್ ಈಸ್ಕೊಳ್ತಾರೆ. ತಮ್ಮನಿಗೆ ಈಗಲೇ ಹೇಳಿಡಿ: ದಿನಾ ಎಷ್ಟು ಗಂಟೆಗೆ ಬಂದೆ, ಎಷ್ಟು ಗಂಟೆಗೆ ಹೊರಟೆ ಅಂತ ಅವನೇ ಬರೆದಿಟ್ಟುಕೊಳ್ಳಲಿ.

ಏಜೆಂಟ್ ಆಸ್ಟ್ರೇಲಿಯಾದ ವಲಸೆ ಏಜೆಂಟರ ಪಟ್ಟಿಯಲ್ಲಿ ಇದ್ದಾನಾ ನೋಡಿ. ಪಟ್ಟಿಯಲ್ಲಿ ಇರುವವರಿಗೆ ಏಳು ಅಂಕಿಯ ನಂಬರ್ ಇರುತ್ತೆ, ಆನ್‌ಲೈನ್‌ನಲ್ಲಿ ಯಾರು ಬೇಕಾದರೂ ಹುಡುಕಬಹುದು. ನಂಬರ್ ಕೇಳಿದ ತಕ್ಷಣ ಮಾತು ಬದಲಿಸಿದರೆ ಅಲ್ಲಿಗೆ ಬಿಟ್ಟುಬಿಡಿ. ನಿಮ್ಮ ತಮ್ಮನಿಗೆ 45 ತುಂಬಿಲ್ಲ, ಇದೇ ಕೆಲಸದಲ್ಲಿ ಮೂರು ವರ್ಷ ಪೂರ್ತಿ ಅನುಭವ ಇದೆ, ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆಯ ನಾಲ್ಕೂ ಭಾಗದಲ್ಲಿ 6 ಬರುತ್ತೆ ಅಂದ್ರೆ, ದುಡ್ಡು ಕೇಳದ ಮಾಲೀಕರನ್ನು ಹುಡುಕೋದಕ್ಕೆ ಅವನಿಗೆ ಯೋಗ್ಯತೆ ಇದೆ. ತಡವಾಗಬಹುದು. ಆಗಲಿ.

ಪ್ರಶ್ನೆ: ನಾನು ಟೂವೂಂಬಾದಲ್ಲಿ 494 ವೀಸಾದ ಮೇಲೆ ನರ್ಸ್. ಹೆಚ್ಚುವರಿ ಪಾಳಿಯ ದುಡ್ಡು ಕೇಳಿದರೆ ವೀಸಾ ಕ್ಯಾನ್ಸಲ್ ಮಾಡಿಸ್ತೀವಿ ಅಂತಾರೆ. ಕೆಲಸ ಬಿಟ್ಟರೆ ತಕ್ಷಣ ಊರಿಗೆ ಹೊರಡಬೇಕಾ? – ಹೆಸರು ಬೇಡ

ಇಲ್ಲಮ್ಮ, ಹೊರಡಬೇಕಿಲ್ಲ. ವೀಸಾ ರದ್ದು ಮಾಡೋ ಅಧಿಕಾರ ಮಾಲೀಕರಿಗೆ ಇಲ್ಲ, ಅದು ಸರ್ಕಾರದ ಇಲಾಖೆಗೆ ಮಾತ್ರ. ವೀಸಾ ಹೆಸರಲ್ಲಿ ಹೆದರಿಸಿ ದುಡಿಸಿಕೊಳ್ಳೋದು 2024ರ ಜುಲೈ 1ರಿಂದ ಅಪರಾಧ. ಅದೇ ದಿನದಿಂದ ಇನ್ನೊಂದು ಬದಲಾವಣೆ ಆಯ್ತು: ಕೆಲಸ ಬಿಟ್ಟ ಮೇಲೆ ಹೊಸ ಸ್ಪಾನ್ಸರ್ ಹುಡುಕೋಕೆ ಮೊದಲು 90 ದಿನ ಇತ್ತು, ಈಗ ಒಂದು ಸಲಕ್ಕೆ 180 ದಿನ, ವೀಸಾ ಅವಧಿಯಲ್ಲಿ ಒಟ್ಟು 365 ದಿನ. ಆ ಸಮಯದಲ್ಲಿ ಬೇರೆ ಕಡೆ ದುಡಿಯಬಹುದು, ಆದರೆ ರೀಜನಲ್ ಜಾಗದಲ್ಲೇ ಇರಬೇಕು. ಬಾಕಿ ದುಡ್ಡಿಗೆ ಫೇರ್ ವರ್ಕ್ ಓಂಬುಡ್ಸ್‌ಮನ್ ಅನ್ನುವ, ಸಂಬಳದ ದೂರು ನೋಡೋ ಸರ್ಕಾರಿ ಕಚೇರಿಗೆ 13 13 94ಕ್ಕೆ ಫೋನ್ ಮಾಡಿ, ಅವರು ಫೀ ತಗೊಳ್ಳಲ್ಲ. ರಾಜೀನಾಮೆ ಕೊಡೋ ಮೊದಲು ರೋಸ್ಟರ್, ಪೇ ಸ್ಲಿಪ್, ಬೆದರಿಸಿದ ಮೆಸೇಜು ಎಲ್ಲದರ ಫೋಟೋ ತೆಗೆದು ನಿಮ್ಮ ಸ್ವಂತ ಫೋನಿನಲ್ಲಿ ಇಟ್ಟುಕೊಳ್ಳಿ. ಮನೆಯವರಿಗೂ ಒಂದು ಪ್ರತಿ ಕಳಿಸಿ. ನೀವು ಒಬ್ಬರೇ ಇದನ್ನೆಲ್ಲ ನುಂಗಿಕೊಂಡು ಕೂರಬೇಡಿ.

ಪ್ರಶ್ನೆ: ಕೆಲಸ ಜೀಲಾಂಗ್‌ನಲ್ಲಿ. ಹೆಂಡತಿ ಮಕ್ಕಳ ಜೊತೆ ಮೆಲ್ಬರ್ನ್‌ನಲ್ಲಿ ಮನೆ ಮಾಡಿ ರೈಲಲ್ಲಿ ಓಡಾಡಬಹುದಾ? – ಓದುಗರು, ಹಾಸನ

ಆಗಲ್ಲ. ವಾಸ, ಕೆಲಸ, ಓದು ಮೂರೂ ರೀಜನಲ್ ಜಾಗದಲ್ಲೇ ಅನ್ನೋದು ವೀಸಾದ ಷರತ್ತು, ಕುಟುಂಬಕ್ಕೂ ಅದೇ ಅನ್ವಯ. ಮೂರು ವರ್ಷ ಆದ ಮೇಲೆ 191 ಅನ್ನುವ ಕಾಯಂ ವೀಸಾಕ್ಕೆ ಅರ್ಜಿ ಹಾಕುವಾಗ ಈ ಷರತ್ತು ಪಾಲಿಸಿದ್ದೀರಾ ಅಂತ ನೋಡ್ತಾರೆ. ಬಾಡಿಗೆ ಕರಾರು, ಕರೆಂಟ್ ಬಿಲ್, ಮಕ್ಕಳ ಸ್ಕೂಲ್ ಕಾಗದ ಎಲ್ಲ ಜೀಲಾಂಗ್ ವಿಳಾಸದಲ್ಲೇ ಇರಲಿ, ತೆಗೆದಿಡಿ. ಮೆಲ್ಬರ್ನ್ ಸುತ್ತೋಕೆ ಹೋಗಿ ಬರೋದಕ್ಕೆ ಏನೂ ಅಡ್ಡಿ ಇಲ್ಲ.